ತಾರ್ಲೆ ಎಣ್ಣೆಯ ಚೆಂಡು

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಿತೇಶ ಮುಖ ಸಿಂಡರಿಸುತ್ತಿದ್ದ. ಶಾಲು ಹೊದೆಸುವವನ ಕಂಕುಳಿನ ಬೆವರು, ಕುತ್ತಿಗೆಗೆ ಚುಚ್ಚುವ ಗಂಧದ ಸಿಪ್ಪೆಯ ಹಾರ, ಪ್ಲಾಸ್ಟಿಕ್ಕಿನೊಳಗೆ ಉಸಿರುಗಟ್ಟಿ ಕೂತ ಸೇಬುಹಣ್ಣು, ಇವೆಲ್ಲ ಸಾಲದೆಂಬಂತೆ ಮೈಕು ಹಿಡಿದವನ ಬಾಯಿಂದ ‘ನಮ್ಮ ಜಿಲ್ಲೆಯ ಹೆಮ್ಮೆ’. ಅವನು ದೇಶಕ್ಕಾಗಿ ಹ್ಯಾಂಡ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಈ ಹೆಮ್ಮೆಯ ಜಿಲ್ಲೆಯಿಂದ ಒಬ್ಬನೇ ಒಬ್ಬ ನರಪಿಳ್ಳೆ ಫೋನು ಮಾಡಿ ಊಟ ಆಯಿತೇ ಎಂದು ಕೇಳಿರಲಿಲ್ಲ. ಮೊಣಕಾಲು ಕೈಕೊಟ್ಟು, ಲೀಗಿನ ತಂಡದವರು ಕೈಬಿಟ್ಟು, ಅಂಕೋಲೆಗೆ ಬಂದು ಒಂದು ಹೈಸ್ಕೂಲಿನ ಹುಡುಗಿಯರಿಗೆ ಕೋಚ್ ಆದ ಮೇಲೆ ಎಲ್ಲರಿಗೂ ಅವನ ಮೇಲೆ ಪ್ರೀತಿ ಉಕ್ಕಿ ಹರಿಯತೊಡಗಿತ್ತು. ಬಂದ ಶಾಲುಗಳಿಗೆ ಕಪಾಟಿನಲ್ಲಿ ಜಾಗ ಸಾಲದೆ ಅವನ ಹೆಂಡತಿ ನಿಶಾ ಅವನ್ನು ಮಿಕ್ಸಿಗೂ ಹೊಲಿಗೆ ಮಷಿನಿಗೂ ಗ್ಯಾಸ್ ಸಿಲಿಂಡರಿಗೂ ಹೊದೆಸಿಟ್ಟಿದ್ದಳು.

ಆ ಭಾನುವಾರ ಕಾರವಾರದ ಕಡಲ ಬದಿಯ ಮೈದಾನದಲ್ಲಿ ಮತ್ತೊಂದು ಶಾಲು ಕಾದಿತ್ತು. ಅವನು ಒಪ್ಪಿಕೊಂಡಿದ್ದು ಒಂದೇ ಕಾರಣಕ್ಕೆ. ಅದೇ ದಿನ ಅದೇ ಮೈದಾನದಲ್ಲಿ, ರಾಜ್ಯದ ಕ್ರೀಡಾ ಹಾಸ್ಟೆಲಿಗೆ ಜಿಲ್ಲೆಯಿಂದ ಒಬ್ಬ ಹುಡುಗಿಯನ್ನು ಆರಿಸುವವರಿದ್ದರು. ಒಬ್ಬಳೇ ಒಬ್ಬಳು. ಆ ಒಬ್ಬಳು ಚಂದನಾ ಆಗಬೇಕೆಂದು ನಿತೇಶ ಹಟ ತೊಟ್ಟಿದ್ದ.

ಚಂದನಾ ಬೇಲೆಕೇರಿಯ ಹುಡುಗಿ, ಹತ್ತನೇ ಕ್ಲಾಸು, ಮೀನುಗಾರರ ಮನೆ. ಎರಡು ವರ್ಷದ ಹಿಂದೆ ಅವಳು ಅಪ್ಪನ ದೋಣಿಯಿಂದ ಬಂದರಿನ ದಕ್ಕೆಯ ಮೇಲಕ್ಕೆ ಹಗ್ಗದ ಸುರುಳಿ ಎಸೆಯುವುದನ್ನು ನಿತೇಶ ಕಂಡಿದ್ದ. ಹಗ್ಗ ಸೀದಾ ಹೋಗಿ ಗೂಟಕ್ಕೆ ಬಿತ್ತು. ಎಸೆದ ಹುಡುಗಿ ಅತ್ತ ನೋಡಲೂ ಇಲ್ಲ, ಬಿದ್ದೇ ಬೀಳುತ್ತದೆಂಬ ಧೈರ್ಯದಲ್ಲಿ ಜಡೆ ಕಟ್ಟಿಕೊಳ್ಳುತ್ತಿದ್ದಳು. ಅಂದೇ ಅವಳ ಅಪ್ಪ ಮಾಬ್ಲೇಶ್ವರನನ್ನು ಹಿಡಿದು ಕಾಡಿ ಬೇಡಿ ಅವಳನ್ನು ಮೈದಾನಕ್ಕೆ ಎಳೆದು ತಂದಿದ್ದ. ಈಗ ಅವಳ ತೋಳಿನ ಬಲಕ್ಕೆ ಗೋಲು ಕಾಯುವ ಗೋಲಿ ಹುಡುಗಿಯರು ಅಳುತ್ತಾರೆ. ಆದರೆ ಹಾಸ್ಟೆಲಿಗೆ ಸೇರುವ ವಯಸ್ಸು ಈ ವರ್ಷಕ್ಕೆ ಮುಗಿಯುತ್ತದೆ. ಈ ಸಲ ತಪ್ಪಿದರೆ ಅವಳ ಅವ್ವ ಕಾಶಿ ಈಗಾಗಲೇ ಹೇಳಿಟ್ಟಿರುವ ಹಾಗೆ ಬಂದರಿನಲ್ಲಿ ಮೀನು ಆರಿಸುವ ಕೆಲಸಕ್ಕೆ ಹೋಗುತ್ತಾಳೆ, ಆಮೇಲೆ ಮದುವೆ. ಆ ತೋಳು ಬುಟ್ಟಿ ಹೊರುವುದರಲ್ಲೇ ಸವೆದುಹೋಗುತ್ತದೆಂದು ನೆನೆಸಿದರೆ ನಿತೇಶನಿಗೆ ರಾತ್ರಿ ಅನ್ನ ಸೇರುತ್ತಿರಲಿಲ್ಲ.

ಮೀನಿನ ಬುಟ್ಟಿಯ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನೂ ಅದೇ ಬುಟ್ಟಿಯ ಪಕ್ಕದಲ್ಲಿ ಹುಟ್ಟಿದವನು. ದೇವಬಾಗದ ಬೀರಾ ಎಂದರೆ ಆ ತೀರದಲ್ಲೆಲ್ಲ ದೋಣಿಗೆ ಎಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಅವನ ಮಗ ಈ ನಿತೇಶ. ಹದಿನೆಂಟಕ್ಕೆ ಮನೆ ಬಿಟ್ಟು ಉತ್ತರದ ಕಡೆ ತರಬೇತಿ ಶಿಬಿರಕ್ಕೆ ಹೋದಾಗ ಕೋಣೆಯ ಹುಡುಗರು ಮೊದಲ ದಿನವೇ ಅವನ ಚೀಲ ಮೂಸಿ ‘ಮಛಲೀ’, ಅಂದರೆ ಮೀನು, ಎಂದು ಹೆಸರಿಟ್ಟಿದ್ದರು. ಆಮೇಲೆ ಅವನು ಎಂಥ ಗೋಲಿಯಾದರೂ, ಎಷ್ಟು ಚೆಂಡು ತಡೆದರೂ, ಗೆದ್ದ ದಿನ ಹೆಗಲ ಮೇಲೆ ಹೊತ್ತು ಕುಣಿಯುವಾಗಲೂ ಆ ಹೆಸರು ಮಾತ್ರ ಬಿಡಲಿಲ್ಲ. ಆಸ್ಪತ್ರೆಯ ವಾಸನೆಯ ಒಂದು ಕೆಂಪು ಸೋಪು ಹುಡುಕಿಕೊಂಡು ಅದರಲ್ಲಿ ಕೈ, ತೋಳು, ಕುತ್ತಿಗೆ ಉಜ್ಜಿ ಉಜ್ಜಿ ಚರ್ಮ ಸುಲಿಯುವಷ್ಟು ತೊಳೆದುಕೊಂಡ. ಯಾವ ಊರು ಎಂದು ಕೇಳಿದರೆ ಗೋವಾ ಕಡೆ ಎಂದ. ಈಗ ನಲವತ್ತು ದಾಟಿದರೂ ಹಸಿರು ಡಬ್ಬಿಯಲ್ಲಿ ಆ ಸೋಪು ಅವನ ಕಿಟ್ ಚೀಲದಲ್ಲಿ ಇದ್ದೇ ಇರುತ್ತದೆ. ತಂಡದ ಹುಡುಗಿಯರೆಲ್ಲ ಅದನ್ನು ಕಂಡಿದ್ದಾರೆ, ‘ಸರ್ ಭಾರೀ ಚೊಕ್ಕ’ ಎಂದು ಮಾತಾಡಿಕೊಳ್ಳುತ್ತಾರೆ. ಅವನ ಮನೆಯೂ ಪೇಟೆಯ ನಡುವೆ, ಕಡಲ ಗಾಳಿ ಬಾರದ ಓಣಿಯಲ್ಲಿ. ಮೀನು ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ಹಿತ್ತಲ ಕಡೆಯ ಒಲೆಯ ಮೇಲೇ ಮಾಡಬೇಕು, ಮಾಡಿದ ಪಾತ್ರೆ ಒಳಗೆ ಬರಕೂಡದು.

ಇಂಥವನು ಚಂದನಾಳಿಗೆ ತನ್ನ ಚೆಂಡನ್ನೇ ಕೊಟ್ಟಿದ್ದ. ಅವನು ಆಡಿದ ಕೊನೆಯ ಫೈನಲ್ಲಿನ ಚೆಂಡು, ಚರ್ಮದ್ದು, ಹೊಲಿಗೆಯ ಬಳಿ ಬಿರುಕು ಬಿಟ್ಟು ಒಣಗಿ ಹೋಗಿದ್ದು. ಗಂಡಸರ ಅಳತೆಯದು, ಹುಡುಗಿಯರದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರಾಗಿ ಅಭ್ಯಾಸ ನಿಂತಾಗ, “ಇದನ್ನ ಮನೇಲಿ ಇಟ್ಕೊ. ಉಣ್ಣುವಾಗ, ಓದುವಾಗ, ಮನಗುವಾಗ ಕೈಯಲ್ಲೇ ಇರ್ಬೇಕು. ಮೇಲಿಂದ ಒಂದೇ ಕೈಯಲ್ಲಿ ಹಿಡ್ದು ಎತ್ತೂಕೆ ಬಂತು ಅಂದ್ರೆ ನಿಮ್ಮ ಸಣ್ಣ ಬಾಲು ನಿಂಗೆ ನಿಂಬೆಹಣ್ಣು,” ಎಂದಿದ್ದ. ಆಯ್ಕೆಯ ದಿನ ತಿರುಗಿ ತಾ ಎಂದೂ ಹೇಳಿದ್ದ.

ಭಾನುವಾರ ಬೆಳಿಗ್ಗೆ ಕಾರವಾರದಲ್ಲಿ ಮಳೆ ಬಿಟ್ಟು ಬಿಸಿಲು ಚುರುಗುಡುತ್ತಿತ್ತು. ಜಿಲ್ಲಾ ಸಂಘದ ಅಧ್ಯಕ್ಷರಾದ ರಾಮನಾಥರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು. ಹ್ಯಾಂಡ್‌ಬಾಲನ್ನು ಅವರು ಕೈಯಲ್ಲಿ ಹಿಡಿದದ್ದು ಫೋಟೊಕ್ಕೆ ಮಾತ್ರ. ಬಿಳಿ ಅಂಗಿಯಲ್ಲೇ ಬರಬೇಕು, ಫೋಟೊದಲ್ಲಿ ಚೆಂದ ಕಾಣುತ್ತದೆ ಎಂದು ಅವರು ನಿತೇಶನಿಗೆ ಮೊದಲೇ ತಾಕೀತು ಮಾಡಿದ್ದರು. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಎರಡು ಮಾತು, ಮತ್ತೆ ಎರಡು ಮಾತು. ಹುಡುಗಿಯರು ಆಟದ ಉಡುಪಿನಲ್ಲಿ ಬಿಸಿಲಿಗೆ ಸಾಲಾಗಿ ನಿಂತು ಬೇಯುತ್ತಿದ್ದರು. ಅಧ್ಯಕ್ಷರು ಬೆಳ್ಳಿಯ ಪನ್ನೀರುದಾನಿ ಹಿಡಿದು ಎಲ್ಲರ ತಲೆಗೂ ಚಿಮುಕಿಸುತ್ತ ಓಡಾಡಿದರು. ಆಯ್ಕೆಗೆ ಬಂದ ವೈಜಯಂತಿ ಮೇಡಂ ಧಾರವಾಡದ ಕಡೆಯವರು, ಹಳೆಯ ಆಟಗಾರ್ತಿ. ಅವರು ಕುರ್ಚಿಯಲ್ಲಿ ಕೂತಲ್ಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಸಂಜೀ ಗಾಡಿಗೆ ನಾ ಹೋಗಬೇಕ್ರೀ ಅಧ್ಯಕ್ಷರ. ನಾಳೆ ಬ್ಯಾರೆ ಜಿಲ್ಲಾ ಅದ. ಹುಡುಗ್ಯಾರ ಕೈಯಾಗ ಚೆಂಡ ಕೊಡ್ರಿ, ನೋಡೋಣು,” ಎಂದರು ಕೊನೆಗೆ.

ಆಗ ಚೆಂಡಿನ ಮೂಟೆ ಬಿಚ್ಚಿದರು. ಸಂಘದ ಚೆಂಡುಗಳೆಲ್ಲ ಗಾಳಿ ಹೋಗಿ ಹಪ್ಪಳವಾಗಿದ್ದವು. ಪಂಪು ಇತ್ತು, ಅದರ ಸೂಜಿ ಇರಲಿಲ್ಲ. ಭಾನುವಾರ, ಅಂಗಡಿಗಳ ಬಾಗಿಲು ಮುಚ್ಚಿತ್ತು. ಶಾಲು ತರುವುದಕ್ಕೆ ಇಬ್ಬರು ಹೋಗಿದ್ದರಂತೆ, ಸೂಜಿಯ ನೆನಪು ಒಬ್ಬರಿಗೂ ಆಗಿರಲಿಲ್ಲ. ಅಂಕೋಲೆಯಿಂದ ಶಾಲೆಯ ಚೆಂಡು ತರುತ್ತೇನೆಂದು ನಿತೇಶ ಹೇಳಿದಾಗ, “ಛೆ ಛೆ, ಎಲ್ಲಾ ನಮ್ಮ ಕಡೇದು,” ಎಂದು ಎದೆ ತಟ್ಟಿಕೊಂಡವರು ಇದೇ ರಾಮನಾಥರು. ಈಗ ಅವರು ಚಪ್ಪಟೆ ಚೆಂಡೊಂದನ್ನು ಹಿಚುಕಿ ನೋಡಿ, “ಹೋದ ತಿಂಗಳು ಸರಿ ಇತ್ತಪ್ಪ,” ಎಂದರು. ನಿತೇಶನಿಗೆ ಆ ಮುಖ ನೋಡಲೂ ಅಸಹ್ಯವಾಯಿತು.

“ಸರ್, ನಿಮ್ಮ ಬಾಲು ನಾ ತಂದೆ,” ಎಂದಳು ಚಂದನಾ.

ಅವಳು ಚೀಲದಿಂದ ದಿನಪತ್ರಿಕೆಯಲ್ಲಿ ಸುತ್ತಿದ ಗಂಟನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಬಂದು ನಿಂತಳು. ಕಾಗದ ಬಿಚ್ಚಿದಳು. ಚೆಂಡು ಹೊಳೆಯುತ್ತಿತ್ತು. ಬಿರುಕು ಒಂದೂ ಕಾಣುತ್ತಿರಲಿಲ್ಲ. ಒಂದು ಕಡೆ ಕುಂಕುಮದ ಬೊಟ್ಟು, ಅದರ ಮೇಲೆ ಬಾಡಿದ ಅಬ್ಬಲಿಗೆಯ ಸಣ್ಣ ಮಾಲೆ. ನಿತೇಶ ಕೈಗೆ ತೆಗೆದುಕೊಂಡ. ಬೆರಳು ಜಾರಿತು. ಆ ಕ್ಷಣಕ್ಕೆ ಅವನ ಮೂಗಿಗೆ ಅದು ಬಡಿಯಿತು.

ತಾರ್ಲೆ ಎಣ್ಣೆ. ತಾರ್ಲೆ ಮೀನನ್ನು ಹಂಡೆಯಲ್ಲಿ ಕುದಿಸಿ ತೆಗೆಯುವ, ಮರದ ದೋಣಿಗೆ ಹಚ್ಚಿ ಬಿಸಿಲಿಗೆ ಒಣಗಿಸುವ, ಒಮ್ಮೆ ತಗುಲಿದರೆ ಬಟ್ಟೆ ಸುಟ್ಟರೂ ಹೋಗದ ಆ ಎಣ್ಣೆ.

“ಛೀ! ಎಂತಾ ಹೊಲಸು ಇದು!”

ಎರಡು ಬೆರಳಲ್ಲಿ ಹಿಡಿದು ದೂರ ಎಸೆದುಬಿಟ್ಟ. ಚೆಂಡು ಮರಳಲ್ಲಿ ಉರುಳಿತು, ಅಬ್ಬಲಿಗೆ ಮಾಲೆ ಕಳಚಿ ಬಿತ್ತು. ಅವನು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತ. 

“ಏನಾತ್ರೀ?” ಎಂದರು ವೈಜಯಂತಿ ಮೇಡಂ. ಅವರಿಗೆ ಏನೂ ತಿಳಿದಿರಲಿಲ್ಲ. ಕಡಲಿನ ಗಾಳಿ ಜೋರಾಗಿ ಬೀಸುತ್ತಿತ್ತು. ಅಲ್ಲಿದ್ದವರಲ್ಲಿ ಯಾರಿಗೂ ಆವರೆಗೆ ಯಾವ ವಾಸನೆಯೂ ಬಂದಿರಲಿಲ್ಲ. ಆದರೆ ನಿತೇಶ ಛೀ ಎಂದ ಮೇಲೆ ಎಲ್ಲರಿಗೂ ಬಂತು. ಪೇಟೆಯ ಹುಡುಗಿಯರು ಜೆರ್ಸಿಯ ಕೊರಳು ಎಳೆದು ಮೂಗಿಗೆ ಒತ್ತಿಕೊಂಡರು. ರಾಮನಾಥರು ಕರವಸ್ತ್ರ ತೆಗೆದರು. ಅವರಿಗೆ ಏನು ತೋಚಿತೋ, ಪನ್ನೀರುದಾನಿ ತಂದು ಚೆಂಡಿನ ಮೇಲೆ ನಾಲ್ಕು ಸಲ ಚಿಮುಕಿಸಿದರು. ಗುಲಾಬಿಯೂ ತಾರ್ಲೆಯೂ ಕೂಡಿ ಎದ್ದ ನಾತಕ್ಕೆ ಈಗ ನಿಜವಾಗಿಯೂ ಎಲ್ಲರೂ ಹಿಂದೆ ಸರಿದರು.

ಬೇಲಿಯ ಆಚೆ ನಿಂತಿದ್ದ ಮಾಬ್ಲೇಶ್ವರ ನಡೆದು ಬಂದ. ಮಗಳ ಆಯ್ಕೆಯೆಂದು ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಏನೋ ಒಳ್ಳೆಯ ಕೆಲಸ ಮಾಡಿದವನ ನಗು ಇನ್ನೂ ಮುಖದ ಮೇಲಿತ್ತು.

“ನಾನೇ ಹಚ್ಚಿದ್ದು ಮಾಸ್ತರೆ. ನಿಮ್ಮ ಬಾಲು ಒಣಗಿ ಒಡ್ದು ಹೋಗಿತ್ತಲಾ. ಹುಣ್ಣಿಮೆಗೆ ದೋಣಿಗೆ ಹಚ್ಚುವಾಗ ಇದಕ್ಕೂ ಹಚ್ಚಿ, ಪಾತಿದೋಣಿ ಮೇಲಿಟ್ಟು ಒಣಗ್ಸಿದೆ. ಕಡಲಪೂಜೆ ದಿನ ದೋಣಿ ಸಂಗ್ತಿ ಇದಕ್ಕೂ ಕಾಯಿ ಒಡ್ದೆ. ಇನ್ನು ಹತ್ತು ಮಳೆಗಾಲ ಒಡೂದಿಲ್ಲ ನೋಡಿ.”

ನಿತೇಶನ ತಲೆಗೆ ರಕ್ತವೇರಿತು. ಎರಡು ವರ್ಷದ ದುಡಿಮೆ ಈ ಹೆಡ್ಡನ ಎಣ್ಣೆಯಲ್ಲಿ ಮುಳುಗಿಹೋಯಿತಲ್ಲ ಎಂಬ ಸಿಟ್ಟು ಒಂದು ಕಡೆ. ಇನ್ನೊಂದು ಕಡೆ, ಆ ಶಿಬಿರದ ಕೋಣೆ, ಚೀಲ ಮೂಸುವ ಹುಡುಗರು.

“ಅದು ದೋಣಿಯಲ್ಲ ಮಾರಾಯಾ, ಬಾಲು! ಕೈಯಲ್ಲಿ ಹಿಡೂದು! ತಲೇಲಿ ಎಂತಾದ್ರೂ ಅದೆಯಾ ನಿಂಗೆ? ನಿಮ್ಮ ಕೇರಿ ವಾಸ್ನೆ ಇಲ್ಲಿಗೂ ತಂದು ಸುರೀಬೇಕಿತ್ತಾ?”

ನಿಮ್ಮ ಕೇರಿ ಎಂದ. ಹೇಳಿದ್ದು ಅವನ ಕಿವಿಗೇ ಕೇಳಿಸಿತು. ಮಾಬ್ಲೇಶ್ವರನ ನಗು ಮುಖದಿಂದ ತಟ್ಟನೆ ಹೋಗಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತುಕೊಂಡಿತು.

“ಅಷ್ಟು ನಾರೂದಿಲ್ಲಾಗಿತ್ತು,” ಎಂದ ಅವನು ಮೆಲ್ಲಗೆ. “ಬೀರಣ್ಣ ಕಲ್ಸಿಕೊಟ್ಟ ಹದಾನೇ ಅದು. ನಿಮ್ಮಪ್ಪನ ಕೈ ಹದ.”

ಚಂದನಾ ಅಪ್ಪನನ್ನೂ ನೋಡಲಿಲ್ಲ, ಕೋಚನ್ನೂ ನೋಡಲಿಲ್ಲ. ಮರಳಲ್ಲಿ ಬಿದ್ದ ಚೆಂಡನ್ನೇ ನೋಡುತ್ತಿದ್ದಳು.

ರಾಮನಾಥರು ಗಂಟಲು ಸರಿಪಡಿಸಿಕೊಂಡರು. “ಮೇಡಂ, ಇದ್ರಲ್ಲಿ ಆಟ ಆಗೂ ಹಾಂಗಿಲ್ಲ. ಹೋದ ವರ್ಷ ಜಿಲ್ಲಾ ತಂಡದಲ್ಲಿ ಆಡ್ದವ್ರಲ್ಲೇ ಒಬ್ಬರನ್ನ ಮಾಡಿಬಿಡುವ. ನಮ್ಮ ಪ್ರೇಕ್ಷಾ ಗೋಲಿ, ಒಳ್ಳೇ ಹುಡುಗಿ, ಕ್ಲಾಸಲ್ಲೂ ಫಸ್ಟು.” ಪ್ರೇಕ್ಷಾ ಅವರ ತಂಗಿಯ ಮಗಳು. “ಈ ಸಮುದ್ರದ ಕಡೆಯವ್ರಿಗೆ ಪಾಪ, ಹೇಳಿದ್ರೂ ತಿಳೂದಿಲ್ಲ,” ಎಂದು ಕರವಸ್ತ್ರದ ಒಳಗಿಂದಲೇ ಸೇರಿಸಿದರು.

ಥೂ ಎಂದು ಅವರ ಬೂಟಿನ ಮೇಲೆ ಉಗಿಯಬೇಕೆನಿಸಿತು ನಿತೇಶನಿಗೆ. ಆದರೆ ಈ ಮಾತಿಗೆ ಬಾಗಿಲು ತೆರೆದುಕೊಟ್ಟವನು ತಾನೇ. ಚೆಂಡು ಎಸೆದವನು ತಾನು, ಛೀ ಎಂದವನು ತಾನು. ಅವರು ಬರೀ ಹಿಂದಿನಿಂದ ನುಗ್ಗಿದರು. ಇದು ಹೊಳೆದ ಮೇಲೆ ಅವರ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ಅವನ ಮೇಲೇ ತಿರುಗಿತು.

“ಹಂಗ ಆಗೂದಿಲ್ರೀ. ಎಸೆಯೂದು ನೋಡದ ನಾ ಆರ್ಸಂಗಿಲ್ಲ,” ಎಂದರು ವೈಜಯಂತಿ. “ಒಂದು ಚೆಂಡ ಸಾಕು. ಏಳು ಮೀಟರ್ ಎಸೆತ ಹಾಕಸ್ರಿ. ನಾರಿದ್ರ ನಾರವಲ್ದ್ಯಾಕ.”

ಏಳು ಮೀಟರ್ ಎಸೆತವೆಂದರೆ ಗೆರೆಯ ಮೇಲೆ ಎಸೆಯುವವಳು, ಎದುರಿಗೆ ಗೋಲಿ, ನಡುವೆ ಯಾರೂ ಇಲ್ಲ. ಒಬ್ಬೊಬ್ಬ ಹುಡುಗಿಯೂ ಬಂದು ಎಸೆಯಬೇಕು. ಪ್ರೇಕ್ಷಾ ಗೋಲಿನಲ್ಲಿ ನಿಲ್ಲಬೇಕಿತ್ತು. ಹ್ಯಾಂಡ್‌ಬಾಲಿನಲ್ಲಿ ಗೋಲಿಗೆ ಕೈಗವಸು ಇರುವುದಿಲ್ಲ. ಬರಿಗೈ, ಬರಿ ಮುಖ.

“ನಂಗೆ ವಾಂತಿ ಬರ್ತದೆ ಮಾಮಾ. ನಾ ನಿಲ್ಲೂದಿಲ್ಲ,” ಎಂದಳು ಪ್ರೇಕ್ಷಾ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು. ಉಳಿದ ಹುಡುಗಿಯರೂ ತಲೆ ತಗ್ಗಿಸಿದರು.

ನಿತೇಶ ಗಂಧದ ಹಾರ ತೆಗೆದು ಕುರ್ಚಿಗೆ ಹಾಕಿದ, ಶಾಲು ತೆಗೆದು ಅದರ ಮೇಲೆ ಬಿಸಾಡಿದ. ಬಿಳಿ ಅಂಗಿಯ ತೋಳು ಮಡಿಸಿಕೊಂಡು ಹೋಗಿ ಗೋಲಿನಲ್ಲಿ ನಿಂತ.

ಪೇಟೆಯ ಹುಡುಗಿಯರು ಬೆರಳ ತುದಿಯಿಂದ ಎಸೆದರು. ಚೆಂಡು ಜಾರಿ ದಾರಿಯಲ್ಲೇ ಬಿತ್ತು, ಅವರು ಕೈ ಕೊಡವುತ್ತ ನಲ್ಲಿಯ ಕಡೆ ಓಡಿದರು. ಆಮೇಲೆ ಚಂದನಾ ಬಂದಳು. ಮೊದಲ ಎಸೆತ ಅವಳ ಕೈಯಿಂದಲೂ ಜಾರಿ ಗೋಲುಕಂಬದ ಹೊರಗೆ ಹೋಯಿತು. ರಾಮನಾಥರು ‘ಅಯ್ಯೋ’ ಎಂದರು, ಆ ಅಯ್ಯೋದಲ್ಲಿ ಸಂತೋಷವೇ ಹೆಚ್ಚಿತ್ತು. ಚಂದನಾ ಚೆಂಡು ಎತ್ತಿಕೊಂಡು ಮೈದಾನದ ಅಂಚಿಗೆ ನಡೆದು, ಒಣಮರಳಲ್ಲಿ ಅದನ್ನು ಒಮ್ಮೆ ಹೊರಳಿಸಿ, ಅಂಗೈಗೂ ಮರಳು ತಿಕ್ಕಿಕೊಂಡು ಬಂದಳು. ಕಡಲ ಬದಿಯ ಮಕ್ಕಳೆಲ್ಲ ಜಾರುವ ಮೀನು ಹಿಡಿಯುವುದು ಹೀಗೇ. ನಿತೇಶನೂ ಚಿಕ್ಕಂದಿನಲ್ಲಿ ಹಿಡಿದದ್ದು ಹೀಗೇ.

ಎರಡನೆಯದನ್ನು ಅವಳು ತೋಳು ಪೂರ್ತಿ ಬೀಸಿ ಎಸೆದಳು. ಚೆಂಡು ನೇರ ಅವನ ಎದೆಗೇ ಬಂತು. ತಡೆಯುವುದು ಏನೂ ಕಷ್ಟವಿರಲಿಲ್ಲ. ಆದರೆ ನಾತ ಚೆಂಡಿಗಿಂತ ಮೊದಲೇ ಬಂದು ಮುಟ್ಟಿತು, ಅವನ ಮೈ ತಾನಾಗಿ ಪಕ್ಕಕ್ಕೆ ಸರಿಯಿತು, ಮುಖ ಅತ್ತ ತಿರುಗಿತು. ಚೆಂಡು ಬಲೆಗೆ ಬಡಿದು ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಂದನಾ ಅವನನ್ನೇ ದಿಟ್ಟಿಸಿದಳು. ಗೋಲಿ ಮುಖ ತಿರುಗಿಸಿದ ಅಂದ್ರೆ ಅಲ್ಲಿಗೆ ಆಟ ಮುಗೀತು ಎಂದು ದಿನಾ ಬೆಳಿಗ್ಗೆ ತಂಡಕ್ಕೆ ಹೇಳಿಕೊಡುತ್ತಿದ್ದವನು ಅವನೇ. ಮೊಣಕಾಲು ಹೋಗುವವರೆಗೆ ಆಡಿದ ಅಷ್ಟೂ ವರ್ಷಗಳಲ್ಲಿ ಮೂಗು ಒಡೆದುಕೊಂಡಿದ್ದ, ಹಲ್ಲು ಕಳೆದುಕೊಂಡಿದ್ದ, ಮುಖ ಮಾತ್ರ ತಿರುಗಿಸಿರಲಿಲ್ಲ.

ವೈಜಯಂತಿ ಮೇಡಂ ಎದ್ದು ಗೋಲುಕಂಬದ ಹತ್ತಿರ ಬಂದರು. ಅವರ ದನಿ ತಣ್ಣಗಿತ್ತು. “ನಿಮ್ಮ ಆಟ ನಾ ಭಾಳ ನೋಡೇನಿ. ನೀವು ಮಾರಿ ತಿರುವಿದ್ದು ಇವತ್ತ ನೋಡಿದೆ. ನಿಮ್ಮ ಹುಡುಗಿ ಅಂತ ಬಿಟ್ಟು ಕೊಡ್ಲಿಕ್ಹತ್ತೀರೇನು? ಹಂಗಿದ್ರ ಈ ಹುಡುಗಿ ಎಸೆತ ನಾ ಲೆಕ್ಕಕ್ಕ ಹಿಡ್ಯಂಗಿಲ್ಲ. ಇನ್ನ ಮೂರು ಎಸೆತ ನೋಡ್ತೀನಿ, ಅಷ್ಟ.”

ಬಿಟ್ಟುಕೊಟ್ಟದ್ದಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಹಾಗಾದರೆ ಏನೆಂದು ಕೇಳಿದರೆ ಹೇಳುವುದೇನು? ಹೇಸಿಕೊಂಡೆ ಎನ್ನಬೇಕಿತ್ತು. ಬಾಯಿ ಮುಚ್ಚಿದ.

ಮೂರನೆಯದಕ್ಕೆ ಅವನು ಕಾಲು ಅಗಲಿಸಿ, ಕೈ ಚಾಚಿ, ಕಣ್ಣು ಬಿಟ್ಟು ನಿಂತ. ಚಂದನಾಳ ಮುಖ ಕೆಂಪಾಗಿತ್ತು. ಅಪ್ಪನಿಗೆ ಅಂದ ಮಾತೆಲ್ಲ ಆ ತೋಳಿಗೆ ಬಂದು ಕೂತಿತ್ತು. ಚೆಂಡು ಎದೆಗೆ ಬಡಿಯಿತು, ಉಸಿರು ಕಟ್ಟಿತು, ಅವನು ತಡೆದಿದ್ದ. ಬಿಳಿ ಅಂಗಿಯ ನಡುವೆ ಎಣ್ಣೆ ಮರಳಿನ ಒಂದು ದುಂಡನೆ ಗುರುತು ಎದ್ದಿತು. ನಾಲ್ಕನೆಯದನ್ನು ಅವಳು ಕೆಳಗೆ ಎಸೆಯುವಂತೆ ಸೊಂಟ ಬಾಗಿಸಿ, ಮಣಿಕಟ್ಟು ತಿರುವಿ ಮೇಲಕ್ಕೆ ಬಿಟ್ಟಳು. ಅದು ಅವನ ಮುಖಕ್ಕೇ ಬಂತು. ಅವನು ಮುಖ ಕೊಟ್ಟ. ಮೂಗಿಗೂ ಬಾಯಿಗೂ ತಾರ್ಲೆ ಎಣ್ಣೆ, ಹಲ್ಲಲ್ಲಿ ಮರಳು, ಹಿಂದುಗಡೆ ಎಲ್ಲೋ ಗುಲಾಬಿ. ಮರಳು ಉಗುಳಿ ಮತ್ತೆ ನಿಂತ. ಬೇಲಿಯ ಹತ್ತಿರ ಮಾಬ್ಲೇಶ್ವರ, “ಅಯ್ಯಯ್ಯೋ, ಮೆಲ್ಲಗೆ ಮಗಾ, ಮಾಸ್ತರಿಗೆ ಪೆಟ್ಟಾಗ್ತದೆ,” ಎಂದು ಮಗಳನ್ನು ಗದರಿದ.

ಕೊನೆಯದು ಬರುವಾಗ ಅವನಿಗೆ ನಾತದ ನೆನಪೂ ಇರಲಿಲ್ಲ. ಅವಳ ಹೆಗಲು, ಮೊಣಕೈ, ಹೆಜ್ಜೆ ಇಷ್ಟೇ ಕಾಣುತ್ತಿತ್ತು. ಬಲಕ್ಕೆ ಎಸೆಯುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ಮುರುಕು ಮೊಣಕಾಲನ್ನು ಮರೆತು ಬಲಕ್ಕೆ ಹಾರಿದ. ಅವಳು ಕೈ ಇನ್ನೊಂದು ಗಳಿಗೆ ತಡೆದು ಎಡಗಡೆಯ ಮೇಲಿನ ಮೂಲೆಗೆ ಕಳಿಸಿದಳು. ಗಂಡಸರ ಚೆಂಡು, ಎಣ್ಣೆಯ ಚೆಂಡು, ಅವನು ಅವಳಿಗೆ ಹೇಳಿಕೊಟ್ಟಿರದ ಎಸೆತ. ನೆಲದ ಮೇಲೆ ಬಿದ್ದಲ್ಲಿಂದಲೇ ಬಲೆ ಉಬ್ಬಿದ್ದನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಆಟದಲ್ಲಿ ಸೋತ ಖುಷಿಯಾಯಿತು.

ವೈಜಯಂತಿ ಮೇಡಂ ಮಾತು ಬೆಳೆಸಲಿಲ್ಲ. “ಬೇಲೆಕೇರಿ ಹುಡುಗೀನ ಕಳಸ್ರಿ. ಮುಂದಿನ ಸೋಮವಾರ ಹಾಸ್ಟೆಲ್ನ್ಯಾಗ ಇರಬೇಕು,” ಎಂದರು. ಹೋಗುವ ಮೊದಲು ಚೆಂಡನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿ, “ಚರ್ಮ ಭಾಳ ಛಲೋ ಆಗೇದ,” ಎಂದು ಮಾಬ್ಲೇಶ್ವರನಿಗೆ ಹೇಳಿ ಕೈ ಸೆರಗಿಗೆ ಒರೆಸಿಕೊಂಡರು.

ಅವರ ಬೆನ್ನು ಕಂಡದ್ದೇ ತಡ, ರಾಮನಾಥರು ಕುರ್ಚಿಯ ಮೇಲಿದ್ದ ಶಾಲು ಎತ್ತಿಕೊಂಡು ಬಂದು ಚಂದನಾಳಿಗೆ ಹೊದೆಸಿದರು. “ನಮ್ಮ ಕಡಲ ಮುತ್ತು! ಜಿಲ್ಲೆಯ ಹೆಮ್ಮೆ!” ಎಂದು, ಮೂಗಿನಲ್ಲಿ ಉಸಿರು ಬಿಗಿಹಿಡಿದೇ ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಫೋಟೊ ಆದ ತಕ್ಷಣ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಕೈಗೆ ಹಾಕಿ ತಿಕ್ಕಿಕೊಂಡರು. ನಿತೇಶ ಎದ್ದುಹೋಗಿ ಅವರಿಗೆ ಒಂದು ಮಾತು ಹೇಳಿಯೇ ಬಿಡಬೇಕೆಂದಿದ್ದ. ಮಾಬ್ಲೇಶ್ವರನಿಗೂ ಒಂದು ಮಾತು ಹೇಳಬೇಕಿತ್ತು, ಅದು ಇನ್ನೂ ಕಷ್ಟದ್ದು.

ಆದರೆ ಅವನ ಕಾಲು ಅವನನ್ನು ನಲ್ಲಿಯ ಕಡೆ ಕರೆದುಕೊಂಡು ಹೋಯಿತು. ಕಿಟ್ ಚೀಲದಿಂದ ಹಸಿರು ಡಬ್ಬಿ ತೆಗೆದ. ಅಂಗಿ ಕಳಚಿ ಬಿಸಾಡಿ, ಮುಖ, ಕುತ್ತಿಗೆ, ಎದೆ, ತೋಳು, ಬೆರಳ ಸಂದು ಎಲ್ಲ ಆ ಕೆಂಪು ಸೋಪಿನಲ್ಲಿ ಉಜ್ಜಿದ. ತೊಳೆದು ಮೂಸಿದ, ಮತ್ತೆ ಉಜ್ಜಿದ.  ತಲೆ ಎತ್ತಿದಾಗ ಚಂದನಾ ಸ್ವಲ್ಪ ದೂರದಲ್ಲಿ, ಶಾಲು ಹೊದ್ದುಕೊಂಡೇ, ತನ್ನ ಸರದಿಗೆ ಕಾಯುವವಳ ಹಾಗೆ ನಿಂತು ನೋಡುತ್ತಿದ್ದಳು. ಅವನು ಚೀಲದಲ್ಲಿದ್ದ ಬೇರೆ ಅಂಗಿ ತೊಟ್ಟು, ಸೋಪನ್ನು ಡಬ್ಬಿಗೆ ಹಾಕಿ ಮುಚ್ಚಿದ.

ಸಂಜೆ ಮೂವರೂ ಅಂಕೋಲೆಯ ಬಸ್ಸು ಹತ್ತಿದರು. ಕಂಡಕ್ಟರ್ ಮೂಗು ಅರಳಿಸಿ, “ಮೀನು ಇದ್ದವ್ರು ಹಿಂದೆ ಹೋಗಿ,” ಎಂದ. ಮೀನಲ್ಲ, ಚೆಂಡು ಎಂದು ಮಾಬ್ಲೇಶ್ವರ ವಾದಿಸಲಿಲ್ಲ. ಕಾಗದದ ಗಂಟನ್ನು ಎದೆಗೆ ಅವಚಿಕೊಂಡು ಕೊನೆಯ ಸೀಟಿಗೆ ಹೋಗಿ ಕೂತ. ಚಂದನಾ ಅಪ್ಪನ ಹಿಂದೆ ಎರಡು ಹೆಜ್ಜೆ ಹಾಕಿದವಳು ನಿಂತಳು. ತಿರುಗಿ ಬಂದು ನಿತೇಶನ ಪಕ್ಕ ಮುಂದಿನ ಸೀಟಿನಲ್ಲಿ ಕೂತಳು.

ಅರ್ಗಾ ಬಂತು. ನೌಕಾನೆಲೆಯ ಉದ್ದ ಗೋಡೆ ಕಿಟಕಿಯ ಆಚೆ ಸರಿಯುತ್ತಿತ್ತು. ನಿತೇಶ ಮಾತು ಹೊಂದಿಸಿಕೊಳ್ಳುತ್ತಿದ್ದ. ಬೇಲೆಕೇರಿಯ ತಿರುವಿನಲ್ಲಿ ಅವರು ಇಳಿಯುವ ಮೊದಲು ಹೇಳಲೇಬೇಕು. ‘ನಂದು ತಪ್ಪಾಯ್ತು ಮಾಬ್ಲೇಶ್ವರಣ್ಣ’ ಎಂದರಾಯಿತು, ಅಷ್ಟೇ ತಾನೆ. ಹಿಂದೆ ತಿರುಗಿ ನೋಡಿದ. ಮಾಬ್ಲೇಶ್ವರ ಕೈ ಎತ್ತಿ, ಎಲ್ಲ ಸುಖವಾಗಿದೆ ಎಂಬಂತೆ ನಕ್ಕ. ಅವನ ಪಕ್ಕದ ಸೀಟು ಖಾಲಿಯಿತ್ತು, ಅದರ ಮುಂದಿನದೂ ಖಾಲಿ.

“ಸರ್,” ಎಂದಳು ಚಂದನಾ. ಅವಳು ತನ್ನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಮೂಗಿನ ತುದಿ ಚೂರು ಮೇಲೆದ್ದು, ಬಾಯಿಯ ಒಂದು ಕೊನೆ ಕೆಳಗೆಳೆದುಕೊಂಡಿತ್ತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಇಂದು ಮಧ್ಯಾಹ್ನ ಅವನಿಂದಲೇ ಕಲಿತದ್ದು. “ನಿಮ್ಮ ಆ ಕೆಂಪು ಸೋಪು ಯಾವ ಅಂಗಡೀಲಿ ಸಿಕ್ತದೆ?”

“ಎಂತಕೆ?”

“ಹಾಸ್ಟೆಲಿಗೆ ಹೋಗೂಕೆ ಮೊದ್ಲು ತಕಣ್ಬೇಕಲಾ. ಅಲ್ಲಿ ಎಲ್ಲಾ ಬೇರೆ ಬೇರೆ ಊರಿನವ್ರು ಇರ್ತ್ರು.” ದನಿ ತಗ್ಗಿಸಿದಳು. “ಮತ್ತೆ, ನನ್ನ ಬಿಡೂಕೆ ನೀವೇ ಬನ್ನಿ ಸರ್. ಅಪ್ಪ ಬೇಡ.”

ನಿತೇಶನ ಕೈ ಮಡಿಲಲ್ಲಿದ್ದ ಕಿಟ್ ಚೀಲದ ಮೇಲಿತ್ತು. ಒಳಗಿನ ಡಬ್ಬಿಯ ಒದ್ದೆ ಬಟ್ಟೆಯ ಹೊರಕ್ಕೂ ತಗುಲುತ್ತಿತ್ತು.

“ಸೋಪಿಂದ ಅದು ಹೋಗೂದಿಲ್ಲ ತಂಗೀ,” ಎಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯೇ ಇತ್ತು.

“ನಿಮ್ದು ಹೋಯ್ತಲಾ ಸರ್,” ಎಂದಳು.